ಹಗುರ ಫ್ಲೈವೀಲ್, ಬಿಗಿ ಕ್ಲಚ್: ಎಡಗಾಲಿನ ಲೆಕ್ಕ

ಹಗುರವಾದ ಫ್ಲೈವೀಲ್ ಹಾಕಿಸಿದ ಗೆಳೆಯನ ಕಾರನ್ನು ಮೊದಲ ಸಲ ಓಡಿಸಿದಾಗ, ಅವನ ಮನೆಯ ಗೇಟಿನಿಂದ ಮುಖ್ಯರಸ್ತೆ ಮುಟ್ಟುವಷ್ಟರಲ್ಲಿ ಎಂಜಿನ್ ಮೂರು ಬಾರಿ ನಿಂತುಹೋಯಿತು. ಹತ್ತು ವರ್ಷದಿಂದ ಕಾರು ಓಡಿಸುತ್ತಿರುವವನಿಗೆ ಇದೇನು ಸಣ್ಣ ಅವಮಾನವಲ್ಲ. ಹೀಗೇಕಾಯಿತೆಂದು ಹುಡುಕುತ್ತ ಬರೆದುಕೊಂಡ ಟಿಪ್ಪಣಿಗಳು ಇವು. ಪಿಯುಸಿ ಭೌತಶಾಸ್ತ್ರ ಅಷ್ಟಿಷ್ಟು ನೆನಪಿದ್ದರೆ ಸಾಕು.

ತಿಗರಿ ಮತ್ತು ಫ್ಲೈವೀಲ್

ಕುಂಬಾರ ಕೋಲಿನಿಂದ ತಿಗರಿಯನ್ನು ರಭಸವಾಗಿ ತಿರುಗಿಸಿ ಕೋಲನ್ನು ಬದಿಗಿಡುತ್ತಾನೆ. ಆಮೇಲೂ ಅದು ಬಹಳ ಹೊತ್ತು ತಾನೇ ತಿರುಗುತ್ತಿರುತ್ತದೆ. ಫ್ಲೈವೀಲ್‌ನ ಕೆಲಸವೂ ಇದೇ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ ತಿರುಗಿಸುವ ಮುಖ್ಯ ದಂಡದ) ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಬಲ ಕೊಡುತ್ತದೆ. ಮೂರು ಸಿಲಿಂಡರಿನದಾದರೆ 240 ಡಿಗ್ರಿಗೊಮ್ಮೆ. ನಡುವಿನ ಬಿಡುವಿನಲ್ಲಿ ಎಂಜಿನ್ ಕುಂಟದಂತೆ ಕಾಯುವುದು ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಈ ಭಾರದ ತಟ್ಟೆ.

ತಟ್ಟೆಯ ಜಡತ್ವ ಭ್ರಮಣಾಂಕ, ಅಂದರೆ ತಿರುಗುವಿಕೆಯ ಬದಲಾವಣೆಗೆ ಅದು ಒಡ್ಡುವ ಪ್ರತಿರೋಧ, ತೂಕದ ಜೊತೆಗೆ ತ್ರಿಜ್ಯದ ವರ್ಗವನ್ನೂ ಅವಲಂಬಿಸಿದೆ. ಆದ್ದರಿಂದ ಅಂಚಿನಲ್ಲಿ ತೆಗೆದ ಅರ್ಧ ಕಿಲೋ ಲೋಹವೂ ನಡುವಿನಲ್ಲಿ ತೆಗೆದ ಅರ್ಧ ಕಿಲೋವೂ ಒಂದೇ ಅಲ್ಲ. ಬರೀ ಕಿಲೋ ಲೆಕ್ಕ ಹೇಳಿ ಮಾರುವ ಜಾಹೀರಾತನ್ನು ಅರ್ಧದಷ್ಟೇ ನಂಬಬೇಕು.

ಈ ಲೆಕ್ಕವನ್ನು ಬಿಡದೆ ಮಾಡಿ ನೋಡಿ

8 ಕಿಲೋ ತೂಕ, 14 ಸೆಂ.ಮೀ. ತ್ರಿಜ್ಯದ ಫ್ಲೈವೀಲ್ ಎಂದಿಟ್ಟುಕೊಳ್ಳಿ. ಏಕರೂಪದ ತಟ್ಟೆಯೆಂದು ಭಾವಿಸಿದರೆ ಅದರ ಜಡತ್ವ ಭ್ರಮಣಾಂಕ ಸುಮಾರು 0.078 ಕಿ.ಗ್ರಾಂ. ಚದರ ಮೀಟರ್. ಕಾರು ವೇಗ ಪಡೆಯುವಾಗ ಫ್ಲೈವೀಲ್‌ನ ವೇಗವೂ ಏರಬೇಕಲ್ಲವೇ? ಆ ಹೊರೆಯನ್ನು ಕಾರಿನ ತೂಕವಾಗಿ ಬದಲಿಸಬಹುದು: ಭ್ರಮಣಾಂಕವನ್ನು ಒಟ್ಟು ಗೇರ್ ಅನುಪಾತದ (ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ ಹಾಕುವ ಸುತ್ತುಗಳ) ವರ್ಗದಿಂದ ಗುಣಿಸಿ, ಚಕ್ರದ ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಮೊದಲ ಗೇರಿನ ಒಟ್ಟು ಅನುಪಾತ 14, ಚಕ್ರದ ತ್ರಿಜ್ಯ 30 ಸೆಂ.ಮೀ. ಆದರೆ ಉತ್ತರ ಸುಮಾರು 171 ಕಿಲೋ! ಅದೇ ಅಳತೆಯ 5 ಕಿಲೋ ಫ್ಲೈವೀಲ್ ಹಾಕಿದರೆ 107 ಕಿಲೋ. ಮೊದಲ ಗೇರಿನಲ್ಲಿ ಒಬ್ಬ ಪ್ರಯಾಣಿಕ ಇಳಿದುಹೋದ ಹಾಗೆ.

ಈಗ ಐದನೇ ಗೇರಿಗೆ ಬನ್ನಿ. ಒಟ್ಟು ಅನುಪಾತ 3.2 ಆದರೆ ಮೊದಲಿನದು 9 ಕಿಲೋ, ಹಗುರವಾದದ್ದು ಸುಮಾರು 6 ಕಿಲೋ. ಇಳಿದದ್ದು ಪ್ರಯಾಣಿಕನಲ್ಲ, ಅವನ ಕೈಚೀಲ. ಹೆದ್ದಾರಿಯಲ್ಲಿ ಫ್ಲೈವೀಲ್‌ನಿಂದ ಕಾರು ಹಾರುತ್ತದೆ ಎನ್ನುವವರಿಗೆ ಇಷ್ಟು ತೋರಿಸಿದರೆ ಸಾಕು. ಎಂಜಿನ್ನಿನ ಶಕ್ತಿಯಂತೂ ಒಂದು ಚೂರೂ ಹೆಚ್ಚುವುದಿಲ್ಲ.

ಕಾಲಿಗೆ ತಿಳಿಯುವುದೇನು

ನಿಮಿಷಕ್ಕೆ 1500 ಸುತ್ತಿನಲ್ಲಿ ಆ 8 ಕಿಲೋ ತಟ್ಟೆಯಲ್ಲಿ ಸುಮಾರು 970 ಜೂಲ್ ಚೈತನ್ಯವಿರುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಚಲಿಸುವಾಗ ಇರುವಷ್ಟೇ ಚೈತನ್ಯ ಇದು. ಕ್ಲಚ್ ಬಿಡುವಾಗ ಅದರಲ್ಲಿ ಒಂದು ಪಾಲು ಉಜ್ಜಾಟದ ಬಿಸಿಯಾಗಿ ಹೋದರೂ ಉಳಿದದ್ದು ಕಾರನ್ನು ಮುಂದಕ್ಕೆ ತಳ್ಳುತ್ತದೆ. 5 ಕಿಲೋ ತಟ್ಟೆಯಲ್ಲಿರುವುದು 600 ಜೂಲ್ ಮಾತ್ರ. ಕಡಿಮೆಯಾದದ್ದನ್ನು ಬಲಗಾಲು ಆಕ್ಸಿಲರೇಟರ್ ಒತ್ತಿ ತುಂಬಿಕೊಡಬೇಕು; ನಾನು ತುಂಬಿಕೊಡಲಿಲ್ಲ, ಎಂಜಿನ್ ನಿಂತಿತು.

ಗೇರ್ ಬದಲಿಸುವಾಗಲೂ ಲಯ ಬೇರೆ. ಗೇರ್‌ಬಾಕ್ಸ್‌ನೊಳಗಿನದನ್ನಷ್ಟೇ ಲೆಕ್ಕ ಹಿಡಿದು ಮೊದಲ ಗೇರಿನ ಅನುಪಾತ 3.5, ಎರಡನೆಯದರದು 2 ಆಗಿದ್ದರೆ, 3000 ಸುತ್ತಿನಲ್ಲಿ ಗೇರ್ ಏರಿಸಿದಾಗ ಎಂಜಿನ್ ಸುಮಾರು 1700ಕ್ಕೆ ಇಳಿಯಬೇಕು. ಹಗುರ ಫ್ಲೈವೀಲ್ ಬೇಗ ಇಳಿಯುತ್ತದೆ. ಕೈ ಚುರುಕಾಗಿದ್ದರೆ ಗೇರ್ ಬೆಣ್ಣೆಯಂತೆ ಕೂರುತ್ತದೆ, ತಡವಾದರೆ ಎಂಜಿನ್ 1700ನ್ನು ದಾಟಿ ಕೆಳಗಿಳಿದು ಕಾರು ಜಗ್ಗುತ್ತದೆ. ಗೇರ್ ಇಳಿಸುವಾಗ ಮಾತ್ರ ಅಪ್ಪಟ ಲಾಭ: ಆಕ್ಸಿಲರೇಟರನ್ನು ಒಮ್ಮೆ ಮುಟ್ಟಿದರೆ ಸಾಕು, ಎಂಜಿನ್ ಬೇಕಾದ ವೇಗಕ್ಕೆ ಏರಿರುತ್ತದೆ.

ಹೊಸ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ವೇಗ ಕೂಡಲೇ ಇಳಿಯದೆ ತುಸು ಹೊತ್ತು ಹಾಗೇ ಉಳಿಯುವುದುಂಟು. ಬಹಳ ಸಲ ಅದು ಹೊಗೆ ನಿಯಂತ್ರಣಕ್ಕಾಗಿ ಎಂಜಿನ್ ಕಂಪ್ಯೂಟರಿನಲ್ಲಿ ಬರೆದಿಟ್ಟ ನಡವಳಿಕೆ. ತಟ್ಟೆ ಬದಲಿಸಿದ ಮಾತ್ರಕ್ಕೆ ಅದು ಪೂರ್ತಿ ಹೋಗುವುದಿಲ್ಲ.

ಕ್ಲಚ್

ಕ್ಲಚ್ ಜಾರದೆ ಎಷ್ಟು ಟಾರ್ಕ್ (ತಿರುಗಿಸುವ ಬಲ) ದಾಟಿಸಬಲ್ಲದು ಎಂಬುದಕ್ಕೆ ನಾಲ್ಕು ಸಂಖ್ಯೆಗಳನ್ನು ಗುಣಿಸಬೇಕು: ಘರ್ಷಣಾಂಕ, ಪ್ರೆಶರ್ ಪ್ಲೇಟ್ ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತುವ ಬಲ, ಸರಾಸರಿ ತ್ರಿಜ್ಯ, ಉಜ್ಜುವ ಮೇಲ್ಮೈಗಳ ಸಂಖ್ಯೆ. 0.3, 4000 ನ್ಯೂಟನ್, 9 ಸೆಂ.ಮೀ., ಎರಡು ಮೇಲ್ಮೈ ಎಂದರೆ 216 ನ್ಯೂಟನ್ ಮೀಟರ್. 150 ನ್ಯೂಟನ್ ಮೀಟರಿನ ಎಂಜಿನ್‌ಗೆ ಇದು ಧಾರಾಳ. ಟರ್ಬೊ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ 230 ಮಾಡಿಕೊಂಡರೆ ಕ್ಲಚ್ ಜಾರುತ್ತದೆ. ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಾರಿನ ವೇಗ ಏರದೆ ಎಂಜಿನ್ ಸುತ್ತು ತೋರಿಸುವ ಟ್ಯಾಕೊಮೀಟರ್ ಮುಳ್ಳು ಮಾತ್ರ ಏರಿದರೆ ಅದೇ ಗುರುತು.

ಯಾವ ಸಂಖ್ಯೆಯನ್ನು ಹೆಚ್ಚಿಸುತ್ತೀರಿ ಎಂಬುದರ ಮೇಲೆ ಬೆಲೆ ತೆರಬೇಕಾದದ್ದು ಬದಲಾಗುತ್ತದೆ. ಒತ್ತುವ ಬಲ ಹೆಚ್ಚಿಸಲು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬಿಗಿಯಾದರೆ ಪೆಡಲ್ ಭಾರ. ಬೆಂಗಳೂರಿನ ಸಂಜೆ ಟ್ರಾಫಿಕ್‌ನಲ್ಲಿ ಮಂಡಿ ದೂರು ಕೊಡುತ್ತದೆ, ಪೆಡಲ್ ಒತ್ತಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟ್ ಹಿಂದೆಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮೇಲೂ ಹೊರೆ ಬೀಳುತ್ತದೆ. ಹಾಗಾಗಿ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಘರ್ಷಣಾಂಕ ಹೆಚ್ಚಿಸಲು ಸೆರಾಮಿಕ್ ಪ್ಲೇಟ್ ಹಾಕಿದರೆ ಹಾಫ್ ಕ್ಲಚ್ ಎಂಬುದೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ: ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಅದರ ಜೊತೆಗೆ ಹಗುರ ಫ್ಲೈವೀಲ್ ಕೂಡ ಸೇರಿದರೆ ಘಾಟಿಯ ತಿರುವಿನಲ್ಲಿ ನಿಂತು ಹೊರಡುವುದು ಪರೀಕ್ಷೆಯೇ ಸರಿ. ದಿನನಿತ್ಯದ ಕಾರಿಗೆ ಸಾಮಾನ್ಯ ಆರ್ಗ್ಯಾನಿಕ್ ಪ್ಲೇಟ್, ಸ್ವಲ್ಪವೇ ಬಿಗಿಯಾದ ಪ್ರೆಶರ್ ಪ್ಲೇಟ್ ಸಾಕೆಂಬುದು ನನ್ನ ಅಭಿಪ್ರಾಯ.

ಡೀಸೆಲ್ ಕಾರಿನವರಿಗೆ ಒಂದು ಮಾತು. ಹಲವು ಡೀಸೆಲ್‌ಗಳಲ್ಲಿ ಎರಡು ತಟ್ಟೆಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎಂಜಿನ್ನಿನ ನಡುಕ ಗೇರ್‌ಬಾಕ್ಸ್‌ಗೆ ತಲುಪದಂತೆ ತಡೆಯುವುದು ಅದರ ಕೆಲಸ. ದುಬಾರಿಯೆಂದು ತೆಗೆಸಿ ಒಂದೇ ತಟ್ಟೆಯದು ಹಾಕಿಸಿದರೆ ನಿಂತಲ್ಲೇ ಗೇರ್‌ಬಾಕ್ಸ್ ಗಡಗಡ ಎನ್ನತೊಡಗಬಹುದು. ಎರಕದ ಕಬ್ಬಿಣದ ಹಳೆಯ ಫ್ಲೈವೀಲ್ಅನ್ನು ಲೇತ್ ಯಂತ್ರದಲ್ಲಿ ಮನಸ್ಸಿಗೆ ಬಂದಷ್ಟು ಕೊರೆಸಲೇಬೇಡಿ. ಹೆಚ್ಚು ವೇಗದಲ್ಲಿ ಅದು ಒಡೆದರೆ ಚೂರುಗಳು ಕಾರಿನೊಳಕ್ಕೇ ನುಗ್ಗಬಹುದು.

ಹೊಸ ಪ್ಲೇಟ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೆ ಮೆತ್ತಗೆ ಓಡಿಸಿ ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳಲು ಬಿಡಬೇಕು. ಗೆಳೆಯನ ಕಾರು ಈಗ ಆ ಹಂತದಲ್ಲಿದೆ. ಅದು ಮುಗಿಯುವವರೆಗೆ ಬೀಗದ ಕೈ ನನಗೆ ಸಿಗುವುದಿಲ್ಲವಂತೆ.