ಹಡಗಿನ ಕ್ಯಾಬಿನ್ನಿನಲ್ಲಿ ಸ್ಪೈಕ್ ಬಸ್ಟರಿಗೇಕೆ ಜಾಗವಿಲ್ಲ

ಮುಂಬಯಿಯಿಂದ ಲಕ್ಷದ್ವೀಪಕ್ಕೋ ಸಿಂಗಾಪುರದಿಂದ ಪೆನಾಂಗಿಗೋ ಹೊರಡುವ ವಿಹಾರ ಹಡಗಿನ ಸಾಮಾನು ತಪಾಸಣೆಯಲ್ಲಿ ಚಾಕು, ಬೆಂಕಿಪೊಟ್ಟಣ ತೆಗೆದಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಐದು ಪ್ಲಗ್ಗಿನ ಸ್ಪೈಕ್ ಬಸ್ಟರನ್ನು ಹಿಡಿದಿಟ್ಟು ಚೀಟಿ ಕೊಟ್ಟಾಗ ಮಾತ್ರ ನಮ್ಮವರಿಗೆ ಸಿಟ್ಟು ಬರುತ್ತದೆ. ಅಡಿಕೆ ಕೊಯ್ಲು ಮುಗಿಸಿ ಇಂಥದೊಂದು ಪ್ರವಾಸ ಮಾಡಿಬಂದ ಶಿರಸಿಯ ನೆಂಟರೊಬ್ಬರು ಕಾರವಾರದ ನಮ್ಮ ಮನೆಗೆ ಬಂದಾಗ ಇದನ್ನೇ ಎತ್ತಿದರು. 'ಕಷಾಯಕ್ಕೆ ನೀರು ಕಾಯಿಸುವ ಕೆಟಲ್ ಬೇಡವೆಂದರೆ ಒಪ್ಪಿಕೊಳ್ಳೋಣ, ಬೆಂಕಿಯ ಭಯ. ಕರೆಂಟಿನ ಏರಿಳಿತದಿಂದ ಕಾಪಾಡುವ ವಸ್ತುವಿನ ಮೇಲೆ ಅವರಿಗೇನು ಹಗೆ ಭಾವ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅರ್ಥಿಂಗಿನಲ್ಲಿದೆ.

ಮೊದಲು ಮನೆಯ ವಿಷಯ. ಹೆಸ್ಕಾಂ ಕಂಬದಿಂದ ನಮ್ಮ ಮನೆಗೆ ಬರುವುದು ಎರಡು ತಂತಿ, ಫೇಸ್ ಮತ್ತು ನ್ಯೂಟ್ರಲ್. ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರಿನ ಬುಡದಲ್ಲೇ ನೆಲಕ್ಕೆ ಜೋಡಿಸಿರುತ್ತಾರೆ. ಹಾಗಾಗಿ ನೆಲದ ಲೆಕ್ಕದಲ್ಲಿ ಫೇಸ್ ತಂತಿಯಲ್ಲಿ 230 ವೋಲ್ಟ್, ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಹಿತ್ತಿಲಲ್ಲಿ ಇದ್ದಿಲು, ಉಪ್ಪು ತುಂಬಿ ಪೈಪು ಹೂತ ಅರ್ಥಿಂಗ್ ಗುಂಡಿ ಇದೆಯಲ್ಲ, ಮೂರನೆಯ ತಂತಿ ಅಲ್ಲಿಗೆ ಹೋಗುತ್ತದೆ. ಗ್ರೈಂಡರಿನ ಒಳಗೆ ಫೇಸ್ ತಂತಿಯ ರಬ್ಬರು ಹರಿದು ಕವಚಕ್ಕೆ ತಾಗಿದರೆ ಕರೆಂಟು ಆ ದಾರಿಯಲ್ಲಿ ಹರಿದು, ಫಲಕದಲ್ಲಿ ತಾನಾಗಿ ಬೀಳುವ ರಕ್ಷಣಾ ಸ್ವಿಚ್ಚುಗಳಾದ ಇಎಲ್‌ಸಿಬಿ ಅಥವಾ ಎಂಸಿಬಿ ಬಿದ್ದು, ಮನೆ ಕತ್ತಲಾಗುತ್ತದೆ. ಕತ್ತಲಾಗುವುದೇ ಸುರಕ್ಷತೆ. ಮಳೆಗಾಲದ ಕಾರವಾರದಲ್ಲಿ ಕತ್ತಲು ಯಾರಿಗೂ ಹೊಸದೂ ಅಲ್ಲ.

ಹಡಗಿನಲ್ಲಿ ಈ ಏರ್ಪಾಡು ನಡೆಯುವುದಿಲ್ಲ. ದೇವಗಡ ದ್ವೀಪದ ದೀಪಸ್ತಂಭದ ಬಂಡೆಗಳ ಪಕ್ಕದಿಂದ ದೊಡ್ಡ ಹಡಗೊಂದು ಹಾಯುತ್ತಿರುವಾಗ ಚುಕ್ಕಾಣಿ ತಿರುಗಿಸುವ ಪಂಪಿನ ಮೋಟಾರಿನಲ್ಲಿ ಒಂದು ತಂತಿ ಕವಚಕ್ಕೆ ತಾಗಿತೆನ್ನಿ. ಮನೆಯಂತೆ ತಟ್ಟನೆ ಸ್ವಿಚ್ ಬಿದ್ದರೆ ಹಡಗು ಚುಕ್ಕಾಣಿಯಿಲ್ಲದೆ ಬಂಡೆಯತ್ತ ತೇಲುತ್ತದೆ. ಆದ್ದರಿಂದ ಹಡಗಿನ ವಿದ್ಯುತ್ ವ್ಯವಸ್ಥೆಯನ್ನು ಬಹುಮಟ್ಟಿಗೆ ಉಕ್ಕಿನ ಒಡಲಿಗೆ ಜೋಡಿಸದೆ ಬೇರೆಯಾಗಿಯೇ ಇಟ್ಟಿರುತ್ತಾರೆ. ಎರಡೂ ತಂತಿಗಳು ಒಡಲಿನಿಂದ ದೂರ. ನ್ಯೂಟ್ರಲ್ ಎಂಬುದೇ ಇಲ್ಲ. ಒಂದು ತಂತಿ ಎಲ್ಲೋ ಒಡಲಿಗೆ ತಾಗಿದರೂ ಕರೆಂಟು ಮರಳಿ ಹೋಗಲು ದಾರಿಯಿಲ್ಲದ ಕಾರಣ ದೊಡ್ಡ ಪ್ರಮಾಣದಲ್ಲಿ ಹರಿಯುವುದಿಲ್ಲ, ಯಾವುದೂ ನಿಲ್ಲುವುದಿಲ್ಲ. ಇಂಜಿನ್ ಕೋಣೆಯ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಎಲೆಕ್ಟ್ರಿಕಲ್ ಅಧಿಕಾರಿ ಒಂದೊಂದೇ ಸಾಲನ್ನು ಆರಿಸಿ ನೋಡುತ್ತ ಎಲ್ಲಿ ಸೋರಿದೆ ಎಂದು ಹುಡುಕುತ್ತಾನೆ. ಅಪಾಯವಿರುವುದು ಎರಡನೆಯ ಸೋರಿಕೆ ಇನ್ನೊಂದು ತಂತಿಯಲ್ಲಿ ಕಾಣಿಸಿಕೊಂಡಾಗ. ಆಗ ಒಡಲೇ ತಂತಿಯಾಗಿ ಎರಡು ಸೋರಿಕೆಗಳ ನಡುವೆ ಭಾರೀ ಕರೆಂಟು ಹರಿಯುತ್ತದೆ.

ಸ್ಕ್ರೂಡ್ರೈವರಿನಂಥ ನಿಯಾನ್ ಟೆಸ್ಟರ್ ಎಲ್ಲರಿಗೂ ಗೊತ್ತು. ಮನೆಯ ಸಾಕೆಟ್ಟಿನಲ್ಲಿ ಅದು ಒಂದೇ ತೂತಿನಲ್ಲಿ ಬೆಳಗುತ್ತದೆ. ಹಡಗಿನ ಇಂಥ ಸಾಕೆಟ್ಟಿನಲ್ಲಿ ಎರಡರಲ್ಲೂ ಮಂದವಾಗಿ ಬೆಳಗುತ್ತದೆ. ಒಡಲಿನ ಲೆಕ್ಕದಲ್ಲಿ ಎರಡೂ ತಂತಿಗಳಿಗೆ ಸುಮಾರು ಅರ್ಧರ್ಧ ವೋಲ್ಟೇಜು ಹಂಚಿಹೋಗಿರುವುದರಿಂದ. ಇದು ಹಡಗಿನ ಎಲೆಕ್ಟ್ರಿಷಿಯನ್ ಮಾಡಿ ನೋಡುವ ಕೆಲಸ, ಪ್ರಯಾಣಿಕರು ಮಾಡುವುದು ಬೇಡ.

ಈಗ ಸ್ಪೈಕ್ ಬಸ್ಟರಿನ ಬೆನ್ನು ಬಿಚ್ಚೋಣ. ಒಳ್ಳೆಯದಾದರೆ ಒಳಗೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ಸಾಮಾನ್ಯವಾಗಿ ನೀಲಿ ಬಣ್ಣದ ಎರಡು ಮೂರು ಬಿಲ್ಲೆಗಳು ಕಾಣುತ್ತವೆ. (ಅಗ್ಗದ್ದಾದರೆ ಒಂದು ಕೆಂಪು ದೀಪ ಮತ್ತು ಫ್ಯೂಸ್ ಬಿಟ್ಟು ಏನೂ ಇರುವುದಿಲ್ಲ. ಹೆಸರಷ್ಟೇ ಸ್ಪೈಕ್ ಬಸ್ಟರ್.) ಸತುವಿನ ಆಕ್ಸೈಡಿನಿಂದ ಮಾಡಿದ ಈ ಬಿಲ್ಲೆಗೆ ವೇರಿಸ್ಟರ್ ಎಂದು ಹೆಸರು. ಮಾಮೂಲಿ ವೋಲ್ಟೇಜಿನಲ್ಲಿ ಅದು ಕರೆಂಟನ್ನು ಬಿಡುವುದಿಲ್ಲ. ಸಿಡಿಲು ಬಡಿದು ವೋಲ್ಟೇಜು ಚಿಮ್ಮಿದರೆ ಕ್ಷಣಾರ್ಧದಲ್ಲಿ ದಾರಿ ತೆರೆದು ಹೆಚ್ಚಾದದ್ದನ್ನು ಆಚೆ ಹರಿಸುತ್ತದೆ. ಒಂದು ಬಿಲ್ಲೆ ಫೇಸ್ ಮತ್ತು ನ್ಯೂಟ್ರಲಿನ ನಡುವೆ, ಉಳಿದವು ಇವೆರಡಕ್ಕೂ ಅರ್ಥಿಗೂ ನಡುವೆ. ನ್ಯೂಟ್ರಲ್ ಮತ್ತು ಅರ್ಥಿನ ನಡುವಿನ ಬಿಲ್ಲೆಗೆ ಮನೆಯಲ್ಲಿ ಜೀವಮಾನವಿಡೀ ಬಹುತೇಕ ಸೊನ್ನೆ ವೋಲ್ಟಿನ ಆರಾಮದ ಉದ್ಯೋಗ.

ಅದೇ ಬಿಲ್ಲೆ ಹಡಗಿನಲ್ಲಿ ಹಗಲಿರುಳೂ ವೋಲ್ಟೇಜು ಹೊತ್ತು ಕೂರುತ್ತದೆ. ಹಡಗಿನ ಯಾವುದೋ ಮೂಲೆಯಲ್ಲಿ ಒಂದು ತಂತಿ ಒಡಲಿಗೆ ತಾಗಿತೋ, ಇನ್ನೊಂದು ತಂತಿ ಮತ್ತು ಒಡಲಿನ ನಡುವಿನ ಪೂರ್ತಿ ವೋಲ್ಟೇಜು ಇದರ ತಲೆಗೆ ಬರುತ್ತದೆ. ಸೋರಿಕೆಯ ಜಾಗದಲ್ಲಿ ಕಿಡಿ ಹಾರುತ್ತಿದ್ದರೆ ಮಾಮೂಲಿನ ಹಲವು ಪಟ್ಟು ವೋಲ್ಟೇಜೂ ಏಳಬಹುದು. ಬಿಲ್ಲೆ ಸವೆಯುತ್ತದೆ, ಸ್ವಲ್ಪಸ್ವಲ್ಪ ಸೋರತೊಡಗುತ್ತದೆ, ಸೋರಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹೆಚ್ಚು ಸೋರುತ್ತದೆ. ಅದರ ಸುತ್ತ ಇರುವುದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ಇರುವುದು ಮಂಚದ ಕೆಳಗಿನ ರತ್ನಗಂಬಳಿಯ ಮೇಲೆ. ಸಾಲದ್ದಕ್ಕೆ, ಬಹಳಷ್ಟು ಬೋರ್ಡುಗಳ ಸ್ವಿಚ್ ಮತ್ತು ಫ್ಯೂಸ್ ಕತ್ತರಿಸುವುದು ಒಂದೇ ತಂತಿಯನ್ನು. ಮನೆಯಲ್ಲಿ ಫೇಸ್ ಹೋದರೆ ಮುಗಿಯಿತು. ಹಡಗಿನಲ್ಲಿ ಸ್ವಿಚ್ ಆರಿಸಿದ ಮೇಲೂ ಎರಡನೆಯ ತಂತಿಯಲ್ಲಿ ಜೀವ ಇದ್ದೇ ಇರುತ್ತದೆ.

ಅಮೆರಿಕದ ಕರಾವಳಿ ಕಾವಲು ಪಡೆ 2013ರಲ್ಲಿ ಹಡಗುಗಳಿಗೆಂದೇ ಹೊರಡಿಸಿದ ಸುರಕ್ಷತಾ ಎಚ್ಚರಿಕೆಯ ತಿರುಳೂ ಇದೇ: ನೆಲದ ಮೇಲಿನ ಮನೆಗಳಿಗಾಗಿ ಮಾಡಿದ ಸರ್ಜ್ ರಕ್ಷಕಗಳು, ಅಂದರೆ ನಮ್ಮ ಸ್ಪೈಕ್ ಬಸ್ಟರಿನಂಥವು, ಹಡಗಿನಲ್ಲಿ ಬೆಂಕಿಗೆ ಕಾರಣವಾಗಬಲ್ಲವು. ಹೊಸ ಹಡಗುಗಳಲ್ಲಿ ಕ್ಯಾಬಿನ್ನುಗಳ ಸಾಲಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ ಮನೆಯಂತೆಯೇ ಅರ್ಥಿಂಗ್ ಕೊಟ್ಟಿರುವುದೂ ಉಂಟು. ಆದರೆ ತನ್ನ ಕ್ಯಾಬಿನ್ ಯಾವ ಬಗೆಯದು ಎಂದು ಪ್ರಯಾಣಿಕನಿಗೆ ತಿಳಿಯುವುದು ಹೇಗೆ? ಎಲ್ಲರಿಗೂ ಒಂದೇ ನಿಯಮ ಮಾಡಿದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ಹಡಗಿನ ಬೆಂಕಿ ಎಂದರೇನೆಂದು ಕಾರವಾರಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2019ರ ಏಪ್ರಿಲಿನಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ನಮ್ಮ ಬಂದರು ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿಕೊಂಡು, ಅದನ್ನು ನಂದಿಸಲು ಹೋದ ಯುವ ಅಧಿಕಾರಿ ಪ್ರಾಣ ಕಳೆದುಕೊಂಡರು. ಅದಕ್ಕೂ ಪ್ಲಗ್ಗಿಗೂ ಸಂಬಂಧವಿಲ್ಲ, ನಿಜ. ಆದರೆ ಹೊಗೆ ತುಂಬಿದ ಉಕ್ಕಿನ ಓಣಿಗಳಿಂದ ಓಡಿಹೋಗಲು ಬಯಲಿಲ್ಲ ಎಂಬುದು ಯುದ್ಧನೌಕೆಗೂ ವಿಹಾರ ನೌಕೆಗೂ ಒಂದೇ.

ಇನ್ನು ಸಾಕೆಟ್. ಅನೇಕ ಹಡಗುಗಳ ಕ್ಯಾಬಿನ್ನಿನಲ್ಲಿ ಮೇಜಿನ ಬಳಿ ಅಮೆರಿಕದ ಚಪ್ಪಟೆ ಪಿನ್ನಿನ 110 ವೋಲ್ಟಿನದೊಂದು, ಯುರೋಪಿನ ದುಂಡು ಪಿನ್ನಿನ 220 ವೋಲ್ಟಿನದೊಂದು ಇರುತ್ತದೆ. ನಮ್ಮ ಎರಡು ಪಿನ್ನಿನ ತೆಳು ಚಾರ್ಜರ್ ಎರಡನೆಯದಕ್ಕೆ ಹಿಡಿಯುತ್ತದೆ, ಮೂರು ಪಿನ್ನಿನ ಪ್ಲಗ್ ಹಿಡಿಯುವುದಿಲ್ಲ. ಹಡಗಿನ ಕರೆಂಟು ಬಹುಪಾಲು 60 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 60 ಆವರ್ತನ. ನಮ್ಮದು 50. 2013ರ ಕೊನೆಯ ದಿನ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲಕ್ಕೆ ಸೇರಿದ ಮೇಲೆ ಕೈಗಾದಿಂದ ಕಾಶ್ಮೀರದವರೆಗೆ ಒಂದೇ ತಾಳ. ಹಡಗು ಮಾತ್ರ ತನ್ನದೇ ತಾಳದಲ್ಲಿ ತೇಲುವ ದ್ವೀಪ. ಚಾರ್ಜರಿಗೆ ಇದರ ಗೊಡವೆಯಿಲ್ಲ. ಅದರ ಹೊಟ್ಟೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ '100–240 ವೋಲ್ಟ್, 50/60 ಹರ್ಟ್ಸ್' ಎಂದು ಬರೆದಿದೆಯೇ ನೋಡಿ. ಇದ್ದರೆ ಅದು ಬಂದ ಕರೆಂಟನ್ನು ಮೊದಲು ಏಕಮುಖವಾಗಿಸಿ, ಮತ್ತೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ 5 ವೋಲ್ಟಿಗೋ 9 ವೋಲ್ಟಿಗೋ ಇಳಿಸುತ್ತದೆ. ಮೂಲದ ತಾಳ ಅಲ್ಲಿ ಅಳಿಸಿಹೋಗಿರುತ್ತದೆ. ತೊಂದರೆ ಬರುವುದು ಬಿಸಿಯಾಗುವ ವಸ್ತುಗಳಲ್ಲಿ. 110 ವೋಲ್ಟಿಗೆ ಮಾಡಿದ ಕೂದಲು ಒಣಗಿಸುವ ಯಂತ್ರವನ್ನು 220ಕ್ಕೆ ಚುಚ್ಚಿದರೆ ಶಾಖ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ.

ಕರೆಂಟು ಉಳಿಸಲೆಂದು ಸ್ಪೈಕ್ ಬಸ್ಟರ್ ಬೇಡವೆನ್ನುವ ಈ ನಿಯಮ ಎಂದು ಕೆಲವರು ಭಾವಿಸಿದ್ದಾರೆ. ಲೆಕ್ಕ ಹಾಕಿ ನೋಡಿ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಗಂಟೆ. ಚಾರ್ಜರಿನ ನಷ್ಟ ಸೇರಿಸಿ 25 ಎನ್ನೋಣ. 3000 ಮೊಬೈಲುಗಳು ಒಂದೇ ರಾತ್ರಿ ಖಾಲಿಯಿಂದ ತುಂಬಿದರೂ 75,000 ವ್ಯಾಟ್-ಗಂಟೆ, ಅಂದರೆ 75 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿಯೊಳಗೆ ಇಡೀ ಹಡಗಿನ ಎರಡು ರಾತ್ರಿಯ ಚಾರ್ಜಿಂಗ್ ಮುಗಿದು ಮಿಕ್ಕುತ್ತದೆ! 2004ರಲ್ಲಿ ಸಂಚಾರಕ್ಕಿಳಿದ ಕ್ವೀನ್ ಮೇರಿ 2 ಹಡಗಿನ ನಾಲ್ಕು ಡೀಸೆಲ್ ಇಂಜಿನ್ ಮತ್ತು ಎರಡು ಗ್ಯಾಸ್ ಟರ್ಬೈನುಗಳು ಸೇರಿ ಸುಮಾರು 117 ಮೆಗಾವ್ಯಾಟ್ ಉತ್ಪಾದಿಸಬಲ್ಲವು. ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ ಒಂದು ಘಟಕದ ಅರ್ಧಕ್ಕಿಂತ ತುಸು ಹೆಚ್ಚು. ಅದರ ಬಹುಪಾಲು ಹಡಗನ್ನು ಮುನ್ನೂಕುವ ಮೋಟಾರುಗಳಿಗೆ. ಮೊಬೈಲುಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾದರೆ ನಾಲ್ಕು ಜನರ ಕುಟುಂಬ ಏನು ಒಯ್ಯಬೇಕು? ಮೂರು ನಾಲ್ಕು ಯುಎಸ್‌ಬಿ ಕಿಂಡಿಗಳಿರುವ, ತಂತಿಯಿಲ್ಲದೆ ನೇರ ಸಾಕೆಟ್ಟಿಗೆ ಕೂರುವ 65 ವ್ಯಾಟಿನ ಒಂದು ಚಾರ್ಜರ್ ಸಾಕು. ಇಂಥವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಆದರೂ ಕಂಪನಿಯ ನಿಷೇಧಿತ ವಸ್ತುಗಳ ಪಟ್ಟಿಯನ್ನು ಟಿಕೆಟ್ಟಿನೊಂದಿಗೇ ಓದಿಕೊಳ್ಳಿ. ರಾತ್ರಿ ಉಸಿರಾಟದ ಯಂತ್ರ ಬಳಸುವವರು ಮೊದಲೇ ತಿಳಿಸಿದರೆ ಹಡಗಿನವರೇ ತಕ್ಕ ಎಕ್ಸ್‌ಟೆನ್ಷನ್ ತಂತಿ ಕೊಡುವುದುಂಟು. ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಯನ್ನು ನೆಚ್ಚಬೇಡಿ. ಹಳೆಯ ಮಾದರಿಯದಾದರೆ ಅದು ಕೊಡುವುದು ಎರಡೂವರೆ ವ್ಯಾಟ್, ಬೆಳಗಾದರೂ ಮೊಬೈಲ್ ತುಂಬಿರುವುದಿಲ್ಲ. ದಡ ಮರೆಯಾಗುತ್ತಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಲೇಸು. ಟವರ್ ಸಿಗದ ಮೊಬೈಲ್ ಪೂರ್ಣ ಶಕ್ತಿಯಲ್ಲಿ ಹುಡುಕುತ್ತಲೇ ಇದ್ದು ಬ್ಯಾಟರಿ ತಿನ್ನುತ್ತದೆ, ಹಡಗಿನದೇ ಟವರ್ ಸಿಕ್ಕಿತೋ ಬಿಲ್ಲಿನಲ್ಲಿ ದುಡ್ಡು ತಿನ್ನುತ್ತದೆ.

ಪವರ್ ಬ್ಯಾಂಕ್ ಒಂದಿರಲಿ. 2013ರ ಫೆಬ್ರುವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಇಂಜಿನ್ ಕೋಣೆಗೆ ಬೆಂಕಿ ಬಿದ್ದು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ದಿನಗಟ್ಟಲೆ ಕರೆಂಟಿಲ್ಲದೆ ತೇಲಿದರು. ಅಂತಾರಾಷ್ಟ್ರೀಯ ನಿಯಮದಂತೆ ಪ್ರಯಾಣಿಕ ಹಡಗಿನ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ಚಾಲೂ ಆಗಿ 36 ಗಂಟೆ ನಡೆಯಬೇಕು. ಆದರೆ ಅದರ ಪಾಲುದಾರರು ತುರ್ತು ದೀಪ, ರೇಡಿಯೊ, ಬೆಂಕಿ ಆರಿಸುವ ಪಂಪು ಮುಂತಾದವು. ಕ್ಯಾಬಿನ್ನಿನ ಸಾಕೆಟ್ಟಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಉಪ್ಪುಗಾಳಿಯ ಕಾಟ ಕಾರವಾರದ ಬೈತಖೋಲದ ಮೀನು ಬೋಟಿನವರಿಗೆ ಚೆನ್ನಾಗಿ ಗೊತ್ತು. ಚಾರ್ಜಿಂಗ್ ಕಿಂಡಿಯೊಳಗೆ ಉಪ್ಪುನೀರಿನ ತೆಳು ಪದರವಿದ್ದು ಅದರಲ್ಲಿ ವೋಲ್ಟೇಜೂ ಇದ್ದರೆ ವಿದ್ಯುದ್ವಿಭಜನೆ ನಡೆದು ಪಿನ್ನಿನ ಚಿನ್ನದ ಲೇಪ ಸವೆಯುತ್ತದೆ, ಕೆಳಗಿನ ತಾಮ್ರ ಹಸಿರುಗಟ್ಟುತ್ತದೆ. ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲಿನಲ್ಲಿ ಮೊಬೈಲ್ ಕೂಡಿಸುವವರೆಗೆ ಚಾರ್ಜರ್ ಕರೆಂಟು ಬಿಡುವುದಿಲ್ಲ. ಒಂದು ತುದಿ ಹಳೆಯ ಅಗಲ ಯುಎಸ್‌ಬಿಯಾಗಿದ್ದರೆ ಇನ್ನೊಂದು ತುದಿ ಬರಿದೇ ನೇತಾಡುವಾಗಲೂ ಅದರಲ್ಲಿ 5 ವೋಲ್ಟ್ ಇರುತ್ತದೆ. ಬಾಲ್ಕನಿಯ ಕ್ಯಾಬಿನ್ ಸಿಕ್ಕರೆ ಅಂಥ ಕೇಬಲನ್ನು ಬಾಗಿಲ ಬಳಿ ನೇತುಬಿಡದೆ, ಚಾರ್ಜ್ ಮುಗಿದೊಡನೆ ಸಾಕೆಟ್ಟಿನಿಂದ ಕಿತ್ತು ಡ್ರಾಯರಿನಲ್ಲಿಡಿ.