ಪಾರಣೆಯಿಲ್ಲದ ಉಪವಾಸ

ನಮ್ಮ ಬಂಧುಗಳ ಮನೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಯುಗಾದಿಗೆ ಮನೆಮಂದಿಗೆಲ್ಲ ತಾನೊಬ್ಬಳೇ ಹೋಳಿಗೆ ಮಾಡಿದಳು. ಕಣಕ ನಾದಿದಳು, ಹೂರಣ ರುಬ್ಬಿದಳು, ಬಾಳೆಲೆಯ ಮೇಲೆ ಒಂದೊಂದನ್ನೂ ತೆಳ್ಳಗೆ ತಟ್ಟಿ ಬೇಯಿಸಿದಳು. ಬಡಿಸುವಾಗ ಯಾರ ಎಲೆಯಲ್ಲಿ ಎಷ್ಟು ಉಳಿಯಿತೆಂದು ಕಣ್ಣಿಟ್ಟು ನೋಡಿ, ಸಾಕೆಂದವರಿಗೂ ಇನ್ನೊಂದನ್ನು ಹಾಕಿದಳು. ತಾನು ಮಾತ್ರ ಕೊನೆಯಲ್ಲಿ ಕುಳಿತು, ಒಂದು ತುಂಡನ್ನು ಅಕ್ಕಿಕಾಳಿನಷ್ಟು ಚೂರುಗಳಾಗಿ ಮುರಿದು, ಎಲೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟು, ಕೈತೊಳೆಯಲು ಎದ್ದಳು. ಸೆಕೆಯ ಆ ಮಧ್ಯಾಹ್ನದಲ್ಲೂ ಅವಳ ಮೈಮೇಲೆ ಸ್ವೆಟರ್ ಇತ್ತು.

ಮಗಳಿಗೆ ಅಡುಗೆಯಲ್ಲಿ ಆಸಕ್ತಿ ಬಂದಿದೆಯೆಂದು ತಾಯಿ ಸಂತೋಷಪಟ್ಟರು. "ಸಣ್ಣಗಾಗಿ ಎಷ್ಟು ಲಕ್ಷಣವಾಗಿದ್ದೀಯಮ್ಮ" ಎಂದು ಪಕ್ಕದ ಮನೆಯವರು ಹೊಗಳಿದರು. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಕೆಲವು ದಿನಗಳಲ್ಲಿ ತೋಳಿಗೆ ತಾಯತವೂ ಬಂತು. ಸೋದರಮಾವನ ತೀರ್ಪು ಬೇರೆ: "ಎಲ್ಲ ಹಠ. ಎರಡು ದಿನ ಯಾರೂ ಊಟಕ್ಕೆ ಕರೆಯಬೇಡಿ, ಹಸಿವಾದರೆ ತಾನಾಗಿ ತಿನ್ನುತ್ತಾಳೆ." ಈ ಕೊನೆಯ ಮಾತೇ ಎಲ್ಲಕ್ಕಿಂತ ಅಪಾಯಕಾರಿಯೆಂದು ಇಂದು ನನಗೆ ಗೊತ್ತಿದೆ. ಅವಳಿಗಿದ್ದದ್ದು ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟವನ್ನು ಕಡಿಮೆ ಮಾಡುತ್ತ ಹೋಗುವ ಕಾಯಿಲೆ. ಅವಳ ಅಡುಗೆಯ ಗೀಳು, ಎಲೆಯಂಚಿನ ಚೂರುಗಳು, ಸ್ವೆಟರ್, ಈ ಮೂರನ್ನೂ ಒಂದೇ ಎಳೆಯಲ್ಲಿ ವಿವರಿಸುವ ಪುರಾವೆ ನನಗೆ ಸಿಕ್ಕಿದ್ದು ಅಮೆರಿಕದ ಫುಟ್‌ಬಾಲ್ ಕ್ರೀಡಾಂಗಣವೊಂದರ ಕೆಳಗಿನ ಕೋಣೆಗಳಲ್ಲಿ ನಡೆದ ಹಳೆಯ ಪ್ರಯೋಗದಲ್ಲಿ.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಯುರೋಪಿನ ಉದ್ದಗಲಕ್ಕೂ ಜನ ಹಸಿವಿನಿಂದ ಸೊರಗಿದ್ದರು. ಅವರಿಗೆ ಹೇಗೆ, ಎಷ್ಟು ಉಣಿಸಿ ಮೇಲೆತ್ತಬೇಕೆಂಬ ಖಚಿತ ಜ್ಞಾನ ವೈದ್ಯರಲ್ಲಿರಲಿಲ್ಲ. ಅದನ್ನು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ಆನ್ಸೆಲ್ ಕೀಸ್ 1944ರ ನವೆಂಬರ್‌ನಲ್ಲಿ 36 ಯುವಕರನ್ನು ಸೇರಿಸಿಕೊಂಡರು. ಇವರೆಲ್ಲ ಆಯುಧ ಹಿಡಿಯುವುದು ತಮ್ಮ ಆತ್ಮಸಾಕ್ಷಿಗೆ ಒಪ್ಪದೆಂದು ಸೈನ್ಯ ಸೇರಲು ನಿರಾಕರಿಸಿ, ಅದರ ಬದಲು ಸಮಾಜಕ್ಕೆ ಬೇರೆ ರೀತಿಯಲ್ಲಿ ಉಪಯೋಗವಾಗಬೇಕೆಂದು ಸ್ವಇಚ್ಛೆಯಿಂದ ಬಂದವರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯೆಂದು ಪರೀಕ್ಷಿಸಿ ಆರಿಸಿದವರು. ಮೊದಲ 12 ವಾರ ಅವರಿಗೆ ಹೊಟ್ಟೆ ತುಂಬ ಊಟ, ಆಮೇಲಿನ 24 ವಾರ ಅದರ ಸುಮಾರು ಅರ್ಧದಷ್ಟು. ಆಲೂಗಡ್ಡೆ, ಬ್ರೆಡ್, ಮ್ಯಾಕರೋನಿಯ ಈ ಊಟದ ಮೇಲೆ ವಾರಕ್ಕೆ 22 ಮೈಲಿ ನಡೆಯಬೇಕಿತ್ತು. ಅವರ ತೂಕದಲ್ಲಿ ಸರಿಸುಮಾರು ಕಾಲು ಭಾಗ ಕರಗಿತು. ಇದರ ದಾಖಲೆ 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾಯಿತು.

ಇವರಲ್ಲಿ ಯಾರಿಗೂ ತೆಳ್ಳಗಾಗಬೇಕೆಂಬ ಆಸೆ ಇರಲಿಲ್ಲ. ಹೀಗಿದ್ದರೂ ವಾರಗಳು ಕಳೆದಂತೆ ಅವರು ಅಡುಗೆ ಪುಸ್ತಕಗಳನ್ನು ಕೊಂಡು ಕಾದಂಬರಿಯಂತೆ ಓದತೊಡಗಿದರು. ಪಾಕವಿಧಾನಗಳನ್ನು ಕತ್ತರಿಸಿ ಸಂಗ್ರಹಿಸಿದರು. ಕನಸಿನಲ್ಲೂ ಊಟವೇ ಬಂತು. ಕೆಲವೇ ನಿಮಿಷಗಳಲ್ಲಿ ಮುಗಿಯಬಹುದಾದ ಊಟವನ್ನು ಚೂರು ಚೂರು ಮಾಡಿ, ಕಲಸಿ, ಎರಡು ತಾಸು ಎಳೆದರು. ಜುಲೈ ತಿಂಗಳ ಬೇಸಿಗೆಯಲ್ಲಿ ಹೊದಿಕೆ ಕೇಳಿದರು. ಗೆಳೆಯರಿಂದ ದೂರ ಸರಿದರು, ಸಣ್ಣ ಮಾತಿಗೂ ಸಿಡಿದರು, ಖಿನ್ನರಾದರು; ಒಬ್ಬ ಸೌದೆ ಒಡೆಯುವಾಗ ಕೊಡಲಿಯಿಂದ ತನ್ನ ಮೂರು ಬೆರಳುಗಳನ್ನೇ ಕಡಿದುಕೊಂಡ. ಹೋಳಿಗೆ ತಟ್ಟುತ್ತಿದ್ದ ನಮ್ಮ ಹುಡುಗಿಯ ವರ್ತನೆಯನ್ನು ಯಾರೋ ಅವಳು ಹುಟ್ಟುವ ಆರು ದಶಕಗಳ ಮೊದಲೇ ಬರೆದಿಟ್ಟಂತೆ ನನಗೆ ಕಂಡಿತು. ನಾವು ಅವಳ ಸ್ವಭಾವವೆಂದು ಓದುತ್ತಿದ್ದದ್ದು ಬಹುಮಟ್ಟಿಗೆ ಹಸಿವಿನ ಕೈಬರಹವಾಗಿತ್ತು.

ಇದು ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆ. ನಮ್ಮ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯ ಇದನ್ನು ಕಂಡುಹಿಡಿದದ್ದು 1994ರಲ್ಲಿ. ಕಣಜದಲ್ಲಿ ಎಷ್ಟು ಕಾಳು ಉಳಿದಿದೆಯೆಂದು ಮನೆಯ ಯಜಮಾನನಿಗೆ ವರದಿ ಒಪ್ಪಿಸುವ ಆಳಿನಂತೆ ಅದು ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಹೈಪೊಥಾಲಮಸ್ ಎಂಬ ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ. ಮಿದುಳು ಅದನ್ನು ಬರಗಾಲವೆಂದು ಓದಿ ಖರ್ಚು ಕಡಿತಕ್ಕೆ ಇಳಿಯುತ್ತದೆ. ಬರದ ವರ್ಷ ರೈತನ ಮನೆಯಲ್ಲಿ ಮೊದಲು ನಿಲ್ಲುವುದು ಮದುವೆ, ಮುಂಜಿ. ದೇಹದಲ್ಲಿಯೂ ಮೊದಲ ಕತ್ತರಿ ಬೀಳುವವುಗಳಲ್ಲಿ ಸಂತಾನದ ವ್ಯವಸ್ಥೆ ಒಂದು, ಆದ್ದರಿಂದ ಮುಟ್ಟು ನಿಲ್ಲುತ್ತದೆ. ಥೈರಾಯ್ಡ್ ಹಾರ್ಮೋನಿನ ಚುರುಕಾದ ರೂಪ ಕಡಿಮೆಯಾಗುತ್ತದೆ, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ. ಮೈ ತಣ್ಣಗಾಗುತ್ತದೆ, ಅದಕ್ಕೇ ಸ್ವೆಟರ್. ಹೃದಯ ಬಡಿತ ನಿಧಾನವಾಗುತ್ತದೆ. ನೀರು ಕಡಿಮೆಯಿರುವ ಕಟ್ಟೆಯ ತೂಬನ್ನು ಇಳಿಸಿದಂತೆ ಹೊಟ್ಟೆಯಿಂದ ಕರುಳಿಗೆ ಆಹಾರ ಸಾಗುವ ವೇಗವೂ ಇಳಿಯುತ್ತದೆ; ಹಾಗಾಗಿ ಎರಡು ತುತ್ತಿಗೇ "ಹೊಟ್ಟೆ ಬಿರಿಯುತ್ತಿದೆ" ಎನ್ನುವ ಮಗು ನಿಜವನ್ನೇ ಹೇಳುತ್ತಿರುತ್ತದೆ. ಉಳಿದ ಶಕ್ತಿಯನ್ನೆಲ್ಲ ಮಿದುಳು ಒಂದೇ ವಿಷಯಕ್ಕೆ, ಅಂದರೆ ಆಹಾರದ ಯೋಚನೆಗೆ, ತಿರುಗಿಸುತ್ತದೆ. ಯೋಚನೆ ಒಂದೇ ದಾರಿಯಲ್ಲಿ ಸುತ್ತುತ್ತದೆ, ನಿಯಮಗಳು ಬಿಗಿಯಾಗುತ್ತವೆ, ಹೊಸದೆಲ್ಲ ಭಯ ಹುಟ್ಟಿಸುತ್ತದೆ. ಆ ಭಯ ಊಟವನ್ನು ಇನ್ನಷ್ಟು ಕಡಿಮೆ ಮಾಡಿಸುತ್ತದೆ. ಕಡಿಮೆಯಾದ ಊಟ ಭಯವನ್ನು ಬೆಳೆಸುತ್ತದೆ. ಗಾಣದೆತ್ತಿನಂತೆ ಸುತ್ತುತ್ತಿರುವ ಇಂಥ ಮಿದುಳಿಗೆ "ಮನಸ್ಸು ಗಟ್ಟಿಮಾಡಿ ತಿನ್ನು" ಎಂದು ಉಪದೇಶಿಸಿದರೆ, ಕೆಟ್ಟುಹೋದ ಅಂಗದಿಂದಲೇ ಅದರ ರಿಪೇರಿಯನ್ನು ಕೇಳಿದಂತಾಗುತ್ತದೆ.

ಹಾಗೆಂದು ಹಸಿದವರೆಲ್ಲ ಈ ಸುಳಿಗೆ ಬೀಳುವುದಿಲ್ಲ. ಅನೊರೆಕ್ಸಿಯಾ ಇರುವ ಸುಮಾರು 17,000 ಜನರ ಡಿಎನ್‌ಎ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು ಈ ಕಾಯಿಲೆಗೆ ನಂಟಿರುವ ಎಂಟು ಜಾಗಗಳನ್ನು ವಂಶವಾಹಿಗಳಲ್ಲಿ ಗುರುತಿಸಿತು. ಅದರ ನಂಟು ಮಾನಸಿಕ ಕಾಯಿಲೆಗಳ ಜೊತೆಗೆ ದೇಹದ ಚಯಾಪಚಯದೊಂದಿಗೂ ಇರುವುದು ಕಂಡುಬಂತು. ಇಂಥ ಒಲವು ಹುಟ್ಟಿನಿಂದಲೇ ಇದ್ದವರಿಗೆ ಡಯಟ್, ಹಾಸ್ಟೆಲಿನ ಊಟ, ಪರೀಕ್ಷೆಯ ಒತ್ತಡ, ನೆಂಟರ ಒಂದು ಚುಚ್ಚುಮಾತು, ಯಾವುದಾದರೂ ಕಡ್ಡಿ ಗೀರಬಹುದು. ಗಂಡುಮಕ್ಕಳೂ ಇದರಿಂದ ಹೊರತಲ್ಲ. ಮಿನೆಸೋಟದ ಆ 36 ಮಂದಿಯೂ ಗಂಡಸರೇ.

ಈ ಕಾಯಿಲೆಯ ಹೆಸರೇ ದಾರಿ ತಪ್ಪಿಸುವಂಥದ್ದು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಗಲ್ ಇಟ್ಟ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರು ನಿಂತಿತು. ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು. ವಾಸ್ತವದಲ್ಲಿ ಈ ರೋಗಿಗಳಲ್ಲಿ ಹೆಚ್ಚಿನವರ ಹಸಿವು ಸತ್ತಿರುವುದಿಲ್ಲ, ಅದರೊಡನೆ ಹಗಲಿರುಳು ಗುದ್ದಾಡುತ್ತಿರುತ್ತಾರೆ. ಹೊತ್ತುಹೊತ್ತಿಗೆ ಉಣಿಸುವುದೇ ಔಷಧವೆಂದು ಗಲ್ ಸರಿಯಾಗಿಯೇ ಹೇಳಿದ್ದ. ಆದರೆ ರೋಗಿಯ ಆರೈಕೆಗೆ ಬಂಧುಗಳಷ್ಟು ಅಯೋಗ್ಯರು ಇನ್ನಿಲ್ಲವೆಂದೂ ಹೇಳಿದ್ದ. ಆ ಎರಡನೆಯ ಮಾತಿನಿಂದ ಒಂದು ಶತಮಾನ ಕಾಲ ಮಕ್ಕಳನ್ನು ತಂದೆತಾಯಿಯರಿಂದ ದೂರವಿಡುವ ಪದ್ಧತಿ ಬೆಳೆಯಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಉಪವಾಸಕ್ಕೆ ನಾವು ಗೌರವ ಕೊಡುವ ಜನ. 1989ರಲ್ಲಿ ಕಿಂಗ್ ಮತ್ತು ಭೂಗ್ರ ಎಂಬ ಮನೋವೈದ್ಯರು ಉತ್ತರ ಭಾರತದ ಶಾಲಾಬಾಲಕಿಯರಿಗೆ ಪಶ್ಚಿಮದ ಪ್ರಶ್ನಾವಳಿಯೊಂದನ್ನು ಕೊಟ್ಟಾಗ, ವ್ರತಾಚರಣೆಯ ಹುಡುಗಿಯರು ಕೊಟ್ಟ ಉತ್ತರಗಳು ಕಾಯಿಲೆಯ ಲಕ್ಷಣಗಳಂತೆ ಕಾಣಿಸಿಕೊಂಡವು. ಇದರ ತಿರುವುಮುರುವೂ ನಡೆಯುತ್ತದೆ: ಸೋಮವಾರ, ಗುರುವಾರ, ಶನಿವಾರ ಎಂದು ಹೆಚ್ಚುತ್ತ ಹೋಗುವ ಉಪವಾಸದ ಹಿಂದೆ ಅಡಗಿದ ಕಾಯಿಲೆಯನ್ನು ಮನೆಯವರು ಭಕ್ತಿಯೆಂದು ತಿಳಿಯುತ್ತಾರೆ. ನಾನು ಇಟ್ಟುಕೊಂಡಿರುವ ಗುರುತು ಸರಳ. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆ ಉಂಟು. ಪಾರಣೆಯ ಹೊತ್ತಿಗೆ ವ್ರತಸ್ಥ ಸಮಾಧಾನದಿಂದ ಊಟಕ್ಕೆ ಕೂರುತ್ತಾನೆ. ಪಾರಣೆಯನ್ನೇ ಮುಂದೂಡುತ್ತ, ಅದರ ನೆನಪಿಗೇ ನಡುಗುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ದೇಹದ ಆಕಾರದ ಬಗೆಗಿನ ಸಂಕಟವನ್ನೂ ಜನ ಬರಿಯ ಶೋಕಿಯೆಂದು ತಳ್ಳಿಹಾಕುತ್ತಾರೆ. ಸುತ್ತಲಿನ ಚಿತ್ರಗಳ ಪ್ರಭಾವ ದೊಡ್ಡದೇ: ಫಿಜಿಯ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟೆಲಿವಿಷನ್ ಬಂದು ಮೂರು ವರ್ಷಗಳಾಗುವಷ್ಟರಲ್ಲಿ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಶಾಲಾಬಾಲಕಿಯರ ಪ್ರಮಾಣ ಸೊನ್ನೆಯಿಂದ ಶೇಕಡ 11ಕ್ಕೆ ಏರಿದ್ದನ್ನು ಸಂಶೋಧಕಿ ಆನ್ ಬೆಕರ್ ದಾಖಲಿಸಿದ್ದಾರೆ. ಆದರೆ ಸಂಕಟ ಕನ್ನಡಿಯಲ್ಲಿ ಮುಗಿಯುವುದಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 2013ರಲ್ಲಿ ಅನೊರೆಕ್ಸಿಯಾ ಇರುವವರನ್ನು ಬೇರೆಬೇರೆ ಅಗಲದ ಬಾಗಿಲುಗಳ ಮೂಲಕ ನಡೆಸಿದರು. ಇತರರು ತಮ್ಮ ಭುಜದ ಅಗಲಕ್ಕಿಂತ ಬಾಗಿಲು ಶೇಕಡ 25ರಷ್ಟು ಮಾತ್ರ ಅಗಲವಾಗಿದ್ದಾಗ ಮೈ ಓರೆ ಮಾಡತೊಡಗಿದರೆ, ರೋಗಿಗಳು ಶೇಕಡ 40ರಷ್ಟು ಅಗಲವಿದ್ದಾಗಲೇ ಓರೆ ಮಾಡಿದರು. ಬಾಗಿಲು ದಾಟುವಾಗ ಯಾರೂ ಯೋಚಿಸಿ ಭುಜ ತಿರುಗಿಸುವುದಿಲ್ಲ. ಅಂದರೆ ಮೈಯ ಅಳತೆಯ ಬಗ್ಗೆ ಮಿದುಳು ಬರೆದುಕೊಂಡ ನಕ್ಷೆಯೇ ದೊಡ್ಡದಾಗಿದೆ. "ನೀನು ಎಲ್ಲಿ ದಪ್ಪ ಇದ್ದೀಯ?" ಎಂದು ನೂರು ಸಲ ಕೇಳಿದರೂ ಆ ನಕ್ಷೆ ಅಳಿಸುವುದಿಲ್ಲ.

ಚಿಕಿತ್ಸೆಯ ಮೊದಲ ಮದ್ದು ಊಟವೇ, ಆದರೆ ವೈದ್ಯರ ಕಣ್ಣಳತೆಯಲ್ಲಿ. ಬಹುಕಾಲ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಅಲ್ಪಸ್ವಲ್ಪ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಕೋಶಗಳೊಳಗೆ ಸರಿದು, ಹೃದಯವೇ ನಿಲ್ಲಬಹುದು. ಆದ್ದರಿಂದ ನಾಡಿ, ರಕ್ತದೊತ್ತಡ, ಇಸಿಜಿ, ರಕ್ತಪರೀಕ್ಷೆ ಮೊದಲು. ದೇಹ ತೀರ ಬಳಲಿದ್ದರೆ ಆಸ್ಪತ್ರೆಯಲ್ಲಿಯೇ ಉಣಿಸಬೇಕಾಗುತ್ತದೆ. ಆಮೇಲಿನ ದಾರಿಯಲ್ಲಿ, ಹದಿಹರೆಯದವರಿಗೆ ಗಟ್ಟಿ ಪುರಾವೆಯಿರುವುದು ಗಲ್‌ನ ಎರಡನೆಯ ಮಾತಿಗೆ ಪೂರ್ತಿ ವಿರುದ್ಧವಾದ ಪದ್ಧತಿಗೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಕುಟುಂಬ ಚಿಕಿತ್ಸೆಯಲ್ಲಿ ಉಣಿಸುವ ಹೊಣೆ ಕೆಲಕಾಲ ತಂದೆತಾಯಿಯರದ್ದು. ಮಗು ಚೇತರಿಸಿದಂತೆ ಹೊಣೆ ಮೆಲ್ಲಗೆ ಅದರ ಕೈಗೆ ಮರಳುತ್ತದೆ.

ನಮ್ಮ ಹುಡುಗಿಯ ಕುಟುಂಬ ಚಿಕಿತ್ಸೆಯ ಎರಡನೆಯ ಭೇಟಿಗೆ ಮನೆಯಿಂದ ಬುತ್ತಿ ತರಲು ಹೇಳಿದ್ದರು. ಚಪಾತಿ, ಬೀನ್ಸ್ ಪಲ್ಯ, ಮೊಸರನ್ನದ ಡಬ್ಬಿಗಳನ್ನು ಚಿಕಿತ್ಸಕರ ಕೋಣೆಯಲ್ಲೇ ಬಿಚ್ಚಿದರು. ತಂದೆ ಗದರಲು ಬಾಯಿ ತೆರೆದಾಗ ಚಿಕಿತ್ಸಕರು ತಡೆದು, ತಾಯಿಯನ್ನು ಮಗಳ ಪಕ್ಕಕ್ಕೆ ಕೂರಿಸಿ, ವಾದಿಸಬೇಡಿ, ಅಂಗಲಾಚಬೇಡಿ, "ಇನ್ನೊಂದು ತುತ್ತು ತಗೋ ಪುಟ್ಟಿ, ನಾನಿಲ್ಲೇ ಇದ್ದೀನಿ" ಎಂದಷ್ಟೇ ಹೇಳುತ್ತಿರಿ ಎಂದರು. ಒಂದೂವರೆ ಚಪಾತಿಗೆ ಐವತ್ತು ನಿಮಿಷ ಹಿಡಿಯಿತು. ಅಳುವಿನ ಮಧ್ಯೆ ಅವಳು ಆಡಿದ ಕಟುಮಾತುಗಳನ್ನು ಕಾಯಿಲೆಯ ಮಾತೆಂದು ಕೇಳಿಸಿಕೊಳ್ಳಿ, ಮಗಳು ಬೇರೆ, ಕಾಯಿಲೆ ಬೇರೆ ಎಂದು ಅವರು ವಿವರಿಸಿದರು. ಇದನ್ನು ಕೇಳಿದಾಗ ನನಗೆ ಅಜ್ಜಿಯ ನೆನಪಾಯಿತು. ತಾಯತಕ್ಕೆ ಕಳೆದ ತಿಂಗಳುಗಳ ಬಗ್ಗೆ ನನಗೆ ಈಗಲೂ ನೋವಿದೆ. ಆದರೂ ಮಗುವಿನ ಮೇಲೆ ತಪ್ಪು ಹೊರಿಸದ ಒಬ್ಬರೇ ಒಬ್ಬರು ಆ ಮನೆಯಲ್ಲಿ ಅಜ್ಜಿಯಾಗಿದ್ದರು.

ದೊಡ್ಡವರಿಗೆ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ 20 ಭೇಟಿ, ತೂಕ ಬಹಳ ಇಳಿದಿದ್ದರೆ 40. ಅದರ ಮುಖ್ಯ ಉಪಕರಣ ಒಂದು ನೋಟ್‌ಬುಕ್. ಎಷ್ಟು ಹೊತ್ತಿಗೆ, ಎಲ್ಲಿ, ಏನು ತಿಂದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಆಯಾ ಕ್ಷಣದಲ್ಲೇ ಬರೆಯಬೇಕು. ದಿನಕ್ಕೆ ಹತ್ತು ಸಲ ತೂಕ ನೋಡುವ ಅಭ್ಯಾಸ ನಿಂತು, ವಾರಕ್ಕೊಮ್ಮೆ ಚಿಕಿತ್ಸಕರ ಎದುರು ಮಾತ್ರ ತಕ್ಕಡಿ ಹತ್ತಬೇಕು. 1979ರಲ್ಲಿ ಜೆರಾಲ್ಡ್ ರಸೆಲ್ ಹೆಸರಿಟ್ಟ ಬುಲಿಮಿಯಾದಲ್ಲಿ, ಅಂದರೆ ಮಿತಿಮೀರಿ ತಿಂದು ಅದನ್ನು ಹೊರಹಾಕುವ ಕಾಯಿಲೆಯಲ್ಲಿ, ಈ ಚಿಕಿತ್ಸೆ ವಿಶೇಷವಾಗಿ ಫಲ ಕೊಡುತ್ತದೆ. ಮಿನೆಸೋಟದ ಯುವಕರಲ್ಲಿ ಕೆಲವರು ಪ್ರಯೋಗ ಮುಗಿದ ಮೇಲೆ ಹೊಟ್ಟೆ ನೋಯುವಷ್ಟು ತಿಂದರೂ ತೃಪ್ತಿಯಾಗದೆ ಒದ್ದಾಡಿದ್ದರು. ಮಿತಿಮೀರಿದ ತಿನ್ನುವಿಕೆ ಹಸಿವಿಗೆ ಮಿದುಳು ಕೊಡುವ ಉತ್ತರ. ಆದ್ದರಿಂದ ಹಾಗೆ ತಿಂದ ಮರುದಿನವೂ ಊಟ ಬಿಡಬಾರದು, ಮೂರು ಊಟ ಮತ್ತು ನಡುವಿನ ತಿಂಡಿ ತಪ್ಪಬಾರದು ಎಂಬುದೇ ಮೊದಲ ಸೂಚನೆ. ಬುಲಿಮಿಯಾ ಇರುವ ಹಲವರ ತೂಕ ಮಾಮೂಲಾಗಿಯೇ ಇರುವುದರಿಂದ ಮನೆಯವರಿಗೆ ಸುಳಿವೇ ಹತ್ತುವುದಿಲ್ಲ, ಒಳಗೆ ಪೊಟ್ಯಾಸಿಯಂ ಕುಸಿದಿರಬಹುದು.

ಮೊದಲೇ ತಿಳಿಸದಿದ್ದರೆ ಚಿಕಿತ್ಸೆ ಮುರಿಯುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಮರಳಿ ಬರುವ ತೂಕ ಮೊದಲು ಹೊಟ್ಟೆಯ ಸುತ್ತ ಕೂರುತ್ತದೆ, ಮೈಯ ಉಳಿದ ಭಾಗಗಳಿಗೆ ಹಂಚಿಹೋಗಲು ತಿಂಗಳುಗಳು ಬೇಕು. ನಾಲ್ಕನೆಯ ತಿಂಗಳಲ್ಲಿ ನಮ್ಮ ಹುಡುಗಿ ಹಳೆಯ ಚೂಡಿದಾರ ಬಿಗಿಯಾಯಿತೆಂದು ಎರಡು ದಿನ ಕೋಣೆಯಿಂದ ಹೊರಬರಲಿಲ್ಲ. ಹೀಗಾಗುತ್ತದೆಂದು ಚಿಕಿತ್ಸಕರು ಮೊದಲೇ ಹೇಳಿದ್ದರಿಂದ ತಾಯಿ ಗಾಬರಿಯಾಗದೆ ಬಟ್ಟೆಯನ್ನು ಎತ್ತಿಟ್ಟು, ತಟ್ಟೆಯನ್ನು ಕೋಣೆಗೇ ಒಯ್ದು ಪಕ್ಕದಲ್ಲಿ ಕುಳಿತರು.

ಎಲ್ಲಿಗೆ ಹೋಗಬೇಕೆಂದು ತೋಚದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿರುವ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲುರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ತಲೆಸುತ್ತಿ ಬೀಳುವುದು, ಎದೆ ಬಡಿತ ತಪ್ಪುವುದು, ನೀರನ್ನೂ ನಿರಾಕರಿಸುವುದು, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಕರೆಗಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ವೈದ್ಯರಲ್ಲಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಊಟ ಯಾವಾಗಿನಿಂದ ಬದಲಾಯಿತು, ಕೊನೆಯ ಮುಟ್ಟು ಯಾವಾಗ, ಊಟದ ನಂತರ ಬಚ್ಚಲಿನಲ್ಲಿ ಎಷ್ಟು ಹೊತ್ತು ಕಳೆಯುತ್ತಾಳೆ ಅಥವಾ ಕಳೆಯುತ್ತಾನೆ, ಸೆಕೆಯಲ್ಲೂ ಚಳಿಯೆನ್ನುವುದುಂಟೇ. ನಮ್ಮವರು ಮೊಟ್ಟಮೊದಲು ವೈದ್ಯರನ್ನು ಕಂಡಾಗ "ಸರಿಯಾಗಿ ತಿನ್ನುವುದಿಲ್ಲ" ಎಂದಷ್ಟೇ ಹೇಳಿ, ಹಸಿವು ಹೆಚ್ಚಿಸುವ ಟಾನಿಕ್ಕಿನ ಬಾಟಲಿಯೊಂದಿಗೆ ಮನೆಗೆ ಬಂದಿದ್ದರು.