‘ರನ್’ ಪದದ ಅರ್ಥ ಹಿಡಿಯುವುದು ಹೇಗೆ?

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು ಅಂತ ಕೇಳಿದರೆ ಹಳೆಯ ಕ್ವಿಜ್ ಪುಸ್ತಕಗಳು ‘ಸೆಟ್’ ಅನ್ನುತ್ತವೆ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ನೋಡಿದರೆ ಅದು ಸರಿ. ಆಮೇಲೆ ಡಿಕ್ಷನರಿ ಪರಿಷ್ಕರಣೆ ನಡೆದಾಗ ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಒಂದಕ್ಕೇ ಸುಮಾರು ಒಂಬತ್ತು ತಿಂಗಳು ಕೂತರು. ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಸಿಕ್ಕವು.

ಇಷ್ಟನ್ನು ಬಾಯಿಪಾಠ ಮಾಡಲು ಹೋಗಬೇಡಿ. ‘ರನ್’ ಹಿಂದೆ ಮುಂದೆ ಯಾವ ಪದ ಇದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ, ಸಾಕು.

ಮೊದಲು ಕರ್ತೃ ಯಾರು ನೋಡಿ. ಮನುಷ್ಯ, ಪ್ರಾಣಿ ಆದರೆ ಓಡುವುದು. ನೀರಿನಂಥದ್ದು ಆದರೆ ಹರಿಯುವುದು, ಸೋರುವುದು. ‘ಮೈ ನೋಸ್ ಈಸ್ ರನ್ನಿಂಗ್’ ಅಂದರೆ ಮೂಗು ಸೋರುತ್ತಿದೆ. ಒಗೆದ ಬಟ್ಟೆಯ ವಿಷಯದಲ್ಲಿ ‘ದಿ ಕಲರ್ಸ್ ರ್ಯಾನ್’ ಅಂದರೆ ಬಣ್ಣ ಬಿಟ್ಟಿತು. ರಸ್ತೆ ‘ರನ್’ ಆದರೆ ಹಾದುಹೋಗುತ್ತದೆ ಅಂತ ಅರ್ಥ. ಸಿನಿಮಾ ಮಾತ್ರ ನಮಗೆ ಸುಲಭ. ನೂರು ದಿನ ಓಡಿತು ಅಂತ ನಾವೂ ಹೇಳ್ತೇವೆ, ಅವರೂ ಹೇಳ್ತಾರೆ.

ಕರ್ತೃ ಆದಮೇಲೆ ಕರ್ಮ. ‘ಶಿ ರನ್ಸ್’ ಅಂದರೆ ಅವಳು ಓಡುತ್ತಾಳೆ. ‘ಶಿ ರನ್ಸ್ ಎ ಹೋಟೆಲ್’ ಅಂದರೆ ಹೋಟೆಲ್ ನಡೆಸುತ್ತಾಳೆ. ಅಂಗಡಿ, ಶಾಲೆ, ಕಂಪನಿ ಏನೇ ಬಂದರೂ ಇಲ್ಲಿ ‘ನಡೆಸು’ ಹಾಕಿದರೆ ಸರಿಹೋಗುತ್ತದೆ. ಕಾರಿನ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ‘ಕಾರು ಓಡಿಸುತ್ತೇನೆ’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ‘ಡ್ರೈವ್’ ಬೇಕು. ‘ಐ ಕಾಂಟ್ ಅಫರ್ಡ್ ಟು ರನ್ ಎ ಕಾರ್’ ಅಂದವರಿಗೆ ಡ್ರೈವಿಂಗ್ ಚೆನ್ನಾಗಿಯೇ ಬರುತ್ತಿರಬಹುದು. ಪೆಟ್ರೋಲು, ಸರ್ವಿಸು, ಇನ್ಶೂರೆನ್ಸ್ ಕಟ್ಟಿ ಕಾರು ಇಟ್ಟುಕೊಳ್ಳುವ ಖರ್ಚು ಭರಿಸಲು ಆಗಲ್ಲ ಅಂತ ಅವರ ಮಾತಿನ ಅರ್ಥ.

ಇನ್ನು ‘ರನ್’ ನಂತರ ಬರುವ ಪುಟ್ಟ ಪದಗಳು. ಹೆಚ್ಚು ಗೊಂದಲ ಆಗೋದು ಇಲ್ಲೇ, ಆದ್ದರಿಂದ ಒಂದನ್ನು ಬಿಡಿಸಿ ನೋಡೋಣ. ಮನೆಯಲ್ಲಿ ಗ್ಯಾಸ್ ಮುಗಿದಿದೆ. ಎರಡು ರೀತಿ ಹೇಳಬಹುದು:

‘ದಿ ಗ್ಯಾಸ್ ಹ್ಯಾಸ್ ರನ್ ಔಟ್.’
‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್.’

ಮೊದಲನೆಯದರಲ್ಲಿ ಮುಗಿದ ವಸ್ತುವೇ ಕರ್ತೃ, ‘ಆಫ್’ ಬೇಡ. ಎರಡನೆಯದರಲ್ಲಿ ಯಾರ ಹತ್ತಿರ ಮುಗಿಯಿತೋ ಅವರು ಕರ್ತೃ, ‘ಆಫ್’ ಬೇಕೇ ಬೇಕು. ‘ವಿ ಹ್ಯಾವ್ ರನ್ ಔಟ್ ಗ್ಯಾಸ್’ ತಪ್ಪು. ‘ಹ್ಯಾಸ್’, ‘ಹ್ಯಾವ್’ ನಂತರ ‘ರ್ಯಾನ್’ ಬರಲ್ಲ, ‘ರನ್’ ಅಂತಲೇ ಬರುತ್ತದೆ. ಕ್ರಿಕೆಟ್ಟಿನ ರನ್ ಔಟ್ ಬೇರೆಯದೇ, ಅದನ್ನು ಇಲ್ಲಿಗೆ ಎಳೆದು ತರಬೇಡಿ.

‘ರನ್ ಇನ್‌ಟು’ ನಂತರ ಗೋಡೆ ಬಂದರೆ ಡಿಕ್ಕಿ. ಗೆಳೆಯನೋ ಟೀಚರೋ ಬಂದರೆ ಸಾಮಾನ್ಯವಾಗಿ ಅಚಾನಕ್ಕಾಗಿ ಸಿಕ್ಕರು ಅಂತ. ‘ರನ್ ಓವರ್’ ವಾಹನದ ಜೊತೆ ಬಂದರೆ ಯಾರ ಮೇಲೋ ಹರಿಯಿತು ಅಂತ. ಮೀಟಿಂಗ್ ‘ರನ್ ಓವರ್’ ಆದರೆ ಹೇಳಿದ ಸಮಯ ಮೀರಿ ಎಳೆಯಿತು, ಅಷ್ಟೇ.

ಚುನಾವಣೆಯ ಪದ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಆಗ್ತಾರೆ, ಬ್ರಿಟನ್‌ನಲ್ಲಿ ‘ಸ್ಟ್ಯಾಂಡ್’ ಆಗ್ತಾರೆ. ನಮ್ಮಲ್ಲೂ ಚುನಾವಣೆಗೆ ನಿಲ್ಲೋದೇ ಅಲ್ವಾ? ಹಾಗಾಗಿ ‘ಹಿ ಈಸ್ ರನ್ನಿಂಗ್ ಫಾರ್ ಪ್ರೆಸಿಡೆಂಟ್’ ಓದಿದಾಗ ಕನ್ನಡದಲ್ಲಿ ‘ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ’ ಅಂತ ಬರೆಯಿರಿ.

ನಾಮಪದವಾಗಿಯೂ ‘ರನ್’ ಬರುತ್ತದೆ. ಪತ್ರಿಕೆಯಲ್ಲಿ ‘ಬ್ಯಾಂಕ್ ರನ್’ ಕಂಡರೆ, ಬ್ಯಾಂಕ್ ಮುಳುಗುತ್ತದೆ ಅಂತ ಹೆದರಿ ಜನ ಒಟ್ಟಿಗೆ ಹಣ ತೆಗೆಯಲು ಮುಗಿಬೀಳುವುದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಗ್ರಾಹಕರು ಒಂದೇ ದಿನ 42 ಬಿಲಿಯನ್ ಡಾಲರ್ ವಾಪಸ್ ಪಡೆಯಲು ಮುಂದಾದರು. ಮರುದಿನವೇ ಬ್ಯಾಂಕ್ ಮುಚ್ಚಿತು. ಬಹಳಷ್ಟು ಜನ ಕೂತಲ್ಲೇ ಆನ್‌ಲೈನ್‌ನಲ್ಲಿ ಹಣ ಕಳಿಸಿಕೊಳ್ಳಲು ನೋಡಿದ್ದರು. ಆದರೂ ಅದರ ಹೆಸರು ‘ರನ್’.

ಅಭ್ಯಾಸಕ್ಕೆ ಮೂರು ವಾಕ್ಯ ಕೊಡ್ತೇನೆ, ‘ಓಡು’ ಬಳಸದೆ ಕನ್ನಡಕ್ಕೆ ತನ್ನಿ: ‘ದಿ ಟ್ರೈನ್ ಈಸ್ ರನ್ನಿಂಗ್ ಲೇಟ್.’ ‘ದಿ ವೆಲ್ ಹ್ಯಾಸ್ ರನ್ ಡ್ರೈ.’ ‘ಡಯಾಬಿಟಿಸ್ ರನ್ಸ್ ಇನ್ ದೇರ್ ಫ್ಯಾಮಿಲಿ.’